ಮಿಕ್ಕ ಹಲ್ಲುಗಳು

"ಹಾಗಾದರೆ ಮಿಕ್ಕ ಹಲ್ಲುಗಳು ಎಲ್ಲಿವೆಯಮ್ಮಾ?"

ಭಾನುವಾರ ಅಪ್ಪ ಕೇಳಿದ ಈ ಮಾತು ಇನ್ನೂ ಕಿವಿಯಲ್ಲೇ ಇದೆ. ಮೆಲ್ಬರ್ನ್‌ನ ಬೋಮಾರಿಸ್ ಕಡಲತೀರದಲ್ಲಿ ನಡೆಯುತ್ತಿದ್ದೆವು. 2016ರಲ್ಲಿ ಇದೇ ತೀರದಲ್ಲಿ ಒಬ್ಬರಿಗೆ ತಿಮಿಂಗಿಲದ ಹಲ್ಲೊಂದು ಸಿಕ್ಕಿತ್ತು: 30 ಸೆಂಟಿಮೀಟರ್ ಉದ್ದ, 3 ಕಿಲೋ ತೂಕ, ಸುಮಾರು 50 ಲಕ್ಷ ವರ್ಷ ಹಳೆಯದು. ಜೊತೆಗಿದ್ದ ಗೆಳೆಯರು "ಮಾರಿದ್ದರೆ ಎಷ್ಟು ಬರುತ್ತಿತ್ತೋ" ಎಂದರು. ಕಷ್ಟಕ್ಕೆ ಆಗುವ ಮನುಷ್ಯ, ನಿಜ. ಆದರೆ ಕಂಡದ್ದಕ್ಕೆಲ್ಲ ಬೆಲೆ ಕಟ್ಟುವ ಅವರ ಗುಣ ನನಗೆ ಹಿಡಿಸುವುದಿಲ್ಲ. ಸಿಕ್ಕವರು ಅದನ್ನು ಮ್ಯೂಸಿಯಂಗೆ ಕೊಟ್ಟುಬಿಟ್ಟರು ಎಂದೆ. ಆಗ ಅಪ್ಪನ ಪ್ರಶ್ನೆ ಬಂತು.

ಅಪ್ಪ ಕೇಳಿದ್ದಕ್ಕೆ ಕಾರಣವಿತ್ತು. ಗುರುವಾರವಷ್ಟೇ ಇಲ್ಲಿ ಅವರ ದವಡೆಹಲ್ಲು ಕೀಳಿಸಿದ್ದೆವು. "ನನ್ನ ಹಲ್ಲು ನನಗೆ ಕೊಡಿ" ಎಂದು ಪಟ್ಟು ಹಿಡಿದು ಪುಟ್ಟ ಡಬ್ಬಿಯಲ್ಲಿ ಹಾಕಿಸಿಕೊಂಡು ಬಂದಿದ್ದರು. ನನಗಂತೂ ಅಲ್ಲಿ ಸಂಕೋಚವಾಗಿತ್ತು. ಈಗ ಆ ಸಂಕೋಚಕ್ಕೇ ಬೇಸರವಾಗುತ್ತಿದೆ.

ಮನೆಗೆ ಬಂದು ಅವರಿಗೆ ಲಿವ್ಯಾಟನ್ ಎಂಬ, ಎಂದೋ ಅಳಿದುಹೋದ ದೈತ್ಯ ಸ್ಪರ್ಮ್ ತಿಮಿಂಗಿಲದ ಚಿತ್ರ ತೋರಿಸಿದೆ. ಬೋಮಾರಿಸ್‌ನ ಹಲ್ಲಿನ ಒಡೆಯ ಇದೇ ಬಳಗದವನು. 2008ರಲ್ಲಿ ಪೆರುವಿನ ಇಕಾ ಮರುಭೂಮಿಯಲ್ಲಿ, ಸೆರೊ ಕೊಲೊರಾಡೊ ಎಂಬಲ್ಲಿ ಇದರ ತಲೆಬುರುಡೆ ಸಿಕ್ಕಿತು. ಬುರುಡೆಯೊಂದೇ 3 ಮೀಟರ್, ಅತಿ ಉದ್ದದ ಹಲ್ಲು 36 ಸೆಂಟಿಮೀಟರ್. ಈಗಿನ ಸ್ಪರ್ಮ್ ತಿಮಿಂಗಿಲಕ್ಕೆ ಕಚ್ಚುವ ಹಲ್ಲಿರುವುದು ಕೆಳದವಡೆಯಲ್ಲಿ ಮಾತ್ರ. ಇದಕ್ಕೆ ಎರಡರಲ್ಲೂ ಇದ್ದವು. ಬೇರೆ ತಿಮಿಂಗಿಲಗಳನ್ನೇ ಬೇಟೆಯಾಡಿ ತಿನ್ನುತ್ತಿದ್ದಿರಬೇಕು ಎನ್ನುತ್ತಾರೆ.

"ಮೈ ಎಷ್ಟು ಉದ್ದ?"

"ಮೈ ಸಿಕ್ಕಿಲ್ಲ ಅಪ್ಪಾ. ಹದಿಮೂರೂವರೆಯಿಂದ ಹದಿನೇಳೂವರೆ ಮೀಟರ್ ಇದ್ದೀತು ಎಂದು ಅಂದಾಜು."

"ನಾಲ್ಕು ಮೀಟರ್ ಗೊತ್ತಿಲ್ಲ ಎಂದು ಒಪ್ಪಿಕೊಂಡಿದ್ದಾರಲ್ಲ, ದೊಡ್ಡ ಮಾತು" ಎಂದರು. ಮೂವತ್ತು ವರ್ಷ ಮೇಷ್ಟರಾಗಿದ್ದವರು. ಗೊತ್ತಿಲ್ಲ ಎನ್ನುವ ಹುಡುಗನನ್ನು ಎಂದೂ ಬಯ್ದವರಲ್ಲ. ಸಿಕ್ಕ ತಲೆಯೊಂದನ್ನೇ ಹಿಡಿದು, ಸಿಗದ ಮೈಗೆ ಅಷ್ಟು ಜಾಗ ಬಿಟ್ಟ ಆ ವಿಜ್ಞಾನಿಗಳ ಮೇಲೆ ನನಗೂ ಪ್ರೀತಿ ಹುಟ್ಟಿತು. ಅಪ್ಪನ ಬಗ್ಗೆಯೂ ನನಗೆ ಗೊತ್ತಿರುವುದು ಸಿಕ್ಕಷ್ಟು ಮಾತ್ರ. ಅವರ ಬಾಲ್ಯದ ಒಂದೆರಡು ಕತೆ, ಒಂದು ಫೋಟೋ. ಮಿಕ್ಕದ್ದನ್ನು ಇಷ್ಟು ವರ್ಷ ನಾನು ಕೇಳಿಯೇ ಇರಲಿಲ್ಲ.

ಅಂದು ರಾತ್ರಿ ಕೇಳಿದೆ, ಆ ಹಲ್ಲನ್ನು ಏನು ಮಾಡುತ್ತೀರಿ ಎಂದು.

"ಹಾಲುಹಲ್ಲು ಬಿದ್ದಾಗ ಅಮ್ಮ ಸಗಣಿ ಉಂಡೆಯೊಳಗಿಟ್ಟು ಹಂಚಿನ ಮೇಲೆ ಎಸೆಸುತ್ತಿದ್ದಳು. ಮನೆ ಇನ್ನೂ ಇದೆಯಲ್ಲ" ಎಂದು ಡಬ್ಬಿಯನ್ನು ಬಟ್ಟೆಗಳ ನಡುವೆ ಇಟ್ಟು ಸೂಟ್‌ಕೇಸ್ ಮುಚ್ಚಿದರು.