ಮೀಕನ ಬಣ್ಣದ ಹಾಳೆ: ಮೂರನೆಯ ವಾರ

ಬೈಬಲಿನ ಪ್ರವಾದಿ ಮೀಕನ ಹೀಬ್ರೂ ಪುಸ್ತಕದಲ್ಲಿ ಮಾತು ಎಲ್ಲೆಲ್ಲಿ ‘ನೀನು’ವಿನಿಂದ ‘ಅವನು’ಗೆ ಹೀಗೆ ಪಲ್ಲಟವಾಗುತ್ತದೆ ಎಂದು ಹುಡುಕುತ್ತಿದ್ದೇನೆ. ಅದರ 105 ವಚನಗಳಿಗೂ ಬಣ್ಣ ಹಚ್ಚಿ ಮುಗಿಯಿತು. ‘ನಾನು’ ಹಸಿರು, ‘ನೀನು’ ಕೆಂಪು, ‘ಅವನು’ ನೀಲಿ. ಹೀಬ್ರೂವಿನಲ್ಲಿ ಸರ್ವನಾಮ ಹೆಚ್ಚಾಗಿ ಬಿಡಿಪದವಾಗಿ ನಿಲ್ಲುವುದಿಲ್ಲ. ಕ್ರಿಯಾಪದದ ಹಿಂದೆಮುಂದೆ, ನಾಮಪದದ ಬಾಲದಲ್ಲಿ ಅಂಟಿಕೊಂಡಿರುತ್ತದೆ. ಬಣ್ಣ ಥಟ್ಟನೆ ಬದಲಾದ ಕಡೆಯೆಲ್ಲ ಚುಕ್ಕೆ ಇಟ್ಟಿದ್ದೆ.

ಈ ವಾರ ಚುಕ್ಕೆ ಅಳಿಸುವುದೇ ಕೆಲಸವಾಯಿತು. ಮೊದಲ ಪೆಟ್ಟು 1:2ರಲ್ಲೇ, ಅಂದರೆ ಮೊದಲ ಅಧ್ಯಾಯದ ಎರಡನೆಯ ವಚನದಲ್ಲೇ. ‘ಶಿಮ್‌ಊ ಅಮ್ಮೀಮ್ ಕುಲ್ಲಾಮ್’: ಪದಕ್ಕೆ ಪದ ಇಟ್ಟರೆ ‘ಕೇಳಿರಿ ಜನಾಂಗಗಳೇ, ಅವರೆಲ್ಲರೂ’. ಎದುರಿಗಿದ್ದವರು ಅರೆಗಳಿಗೆಯಲ್ಲಿ ‘ಅವರು’ ಆದರಲ್ಲ ಎಂದು ಹಿಗ್ಗಿದ್ದೆ. ಅದು ಪಲ್ಲಟವೇ ಅಲ್ಲ. ಯಾರನ್ನಾದರೂ ಕರೆದು, ಆ ಕರೆಗೆ ವಿವರಣೆ ಸೇರಿಸಿದರೆ ಹೀಬ್ರೂ ಸಹಜವಾಗಿಯೇ ಪ್ರಥಮ ಪುರುಷಕ್ಕೆ, ಅಂದರೆ ‘ಅವನು, ಅವಳು, ಅವರು’ಗೆ, ಹೊರಳುತ್ತದೆ. ಇನ್ನೊಬ್ಬ ಪ್ರವಾದಿಯ ಪುಸ್ತಕ ಯೆಶಾಯ 54:1 ಕೂಡ ಹಾಗೆಯೇ: ‘ಹಾಡು ಬಂಜೆಯೇ, ಹೆರಲಿಲ್ಲ ಅವಳು’. ನಾವು ‘ಹೆರದ ಬಂಜೆಯೇ’ ಎಂದು ಮುಗಿಸುತ್ತೇವೆ. ನಮ್ಮ ‘ಹೆರದ’ ಎಂಬ ಕೃದಂತಕ್ಕೆ ಪುರುಷವೂ ಇಲ್ಲ, ಲಿಂಗವೂ ಇಲ್ಲ. ಅದಕ್ಕೇ ಈ ಬಲೆ ನನ್ನ ಕಣ್ಣಿಗೆ ಬೀಳಲಿಲ್ಲ.

ಅಳಿಸಲಾಗದೆ ಉಳಿದದ್ದು 7:18–20. ‘ನಿನ್ನಂಥ ದೇವರು ಯಾರು’ ಎಂದು ಶುರುವಾಗಿ, ಅದೇ ವಚನದಲ್ಲಿ ‘ಅವನು ಕೋಪವನ್ನು ಸದಾ ಇಟ್ಟುಕೊಳ್ಳುವುದಿಲ್ಲ’ ಎನ್ನುತ್ತದೆ. ನಡುವೆ ಬರುವ ‘ಅವನ ಸ್ವಾಸ್ತ್ಯ’ (ಅವನ ಸ್ವತ್ತು) ಎಂಬುದನ್ನು ಮೇಲಿನ ನಿಯಮಕ್ಕೆ ಒಪ್ಪಿಸಬಹುದು, ಕೋಪದ ಮಾತನ್ನು ಒಪ್ಪಿಸಲು ನನಗೆ ಮನಸ್ಸಿಲ್ಲ. 19ರಲ್ಲಿ ‘ಯಾಶೂವ್’, ‘ಅವನು ತಿರುಗಿ ನಮ್ಮನ್ನು ಕರುಣಿಸುವನು’. ಕೂಡಲೇ ‘ತಶ್ಲೀಖ್’, ‘ನೀನು ಎಸೆಯುವೆ’, ಸಮುದ್ರದ ಆಳಕ್ಕೆ. ಮೊದಲಕ್ಷರ ‘ಯ’ ಹೋಗಿ ‘ತ’ ಬಂತು, ಅಷ್ಟೇ ವ್ಯತ್ಯಾಸ. ಎಸೆಯುವುದಾದರೂ ಏನನ್ನು? ‘ನಮ್ಮ’ ಅಪರಾಧಗಳ ಬೆನ್ನಿಗೇ ‘ಅವರ’ ಪಾಪಗಳು! ಹಳೆಯ ಗ್ರೀಕ್ ಅನುವಾದದಲ್ಲಿ ಇದು ‘ನಮ್ಮ ಪಾಪಗಳು’ ಎಂದಿದೆ. ಅನುವಾದಕನ ಕೈ ತಡೆಯಲಿಲ್ಲವೋ, ಅವನ ಮುಂದಿದ್ದ ಪ್ರತಿಯೇ ಹಾಗಿತ್ತೋ. ನಾನು ಮಾತ್ರ ಹೀಬ್ರೂವಿನ ಒರಟು ಪಾಠವನ್ನೇ ನಂಬುತ್ತೇನೆ: ಒರಟನ್ನು ನಯಗೊಳಿಸುವ ಲಿಪಿಕಾರರು ಹೆಚ್ಚು, ನಯವನ್ನು ಒರಟು ಮಾಡುವವರು ಕಡಿಮೆ. ಯೆಹೂದಿಗಳು ಹೊಸ ವರ್ಷದಲ್ಲಿ ನೀರಿನ ದಡಕ್ಕೆ ಹೋಗಿ ಈ ವಚನಗಳನ್ನು ಹೇಳುವ ಆಚರಣೆಗೆ ‘ತಶ್ಲೀಖ್’ ಎಂದೇ ಹೆಸರು. ಬಣ್ಣ ಬದಲಾಗುವ ಆ ಕ್ರಿಯಾಪದವೇ!

ಮುಂದೆ ಮತ್ತೊಬ್ಬ ಪ್ರವಾದಿ ಹೋಶೇಯ: ಹೀಬ್ರೂ ಎಣಿಕೆಯಲ್ಲಿ 2:8, ನಮ್ಮ ಬೈಬಲಿನಲ್ಲಿ 2:6. ಇಸ್ರಾಯೇಲನ್ನು ಹೆಂಡತಿಯೆಂದು ಭಾವಿಸಿ ‘ನಿನ್ನ ದಾರಿಗೆ ಮುಳ್ಳುಬೇಲಿ ಹಾಕುವೆನು’ ಎಂದ ದೇವರು ಮರುಮಾತಿನಲ್ಲೇ ‘ಅವಳ ಗೋಡೆ’ ಎನ್ನುತ್ತಾನೆ. ಆ ‘ನಿನ್ನ’ ಸ್ತ್ರೀಲಿಂಗ; ಹೀಬ್ರೂವಿನಲ್ಲಿ ‘ನೀನು’ಗೂ ಲಿಂಗಭೇದವುಂಟು. ಕೆಂಪಿನಲ್ಲಿ ಎರಡು ಛಾಯೆ ಬೇಕು, ಮೀಕನನ್ನೂ ಮೊದಲಿನಿಂದ ತಿದ್ದಬೇಕು.