ಹೆಲ್ಮೆಟ್ ಮೇಲಿನ ಕಣ್ಣು

ಬೆಳಿಗ್ಗೆ ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ನಿಂತ ಹುಡುಗನ ಹೆಲ್ಮೆಟ್ ಮೇಲೆ ಪುಟ್ಟ ಕ್ಯಾಮೆರಾ. ಅವನು ಕತ್ತು ತಿರುಗಿಸಿದ. ಅದೂ ತಿರುಗಿತು. ನಾನು ಸುಮ್ನೆ ಕೂದಲು ಸರಿ ಮಾಡಿಕೊಂಡೆ!

ತಕ್ಷಣ ನೆನಪಾಗಿದ್ದು ‘ಕಿಕಾ’. ಸ್ಪೇನ್‌ನ ಪೆಡ್ರೊ ಅಲ್ಮೊಡೊವಾರ್ 1993ರಲ್ಲಿ ಮಾಡಿದ ಸಿನಿಮಾ. ಅದರಲ್ಲಿ ಆಂಡ್ರಿಯಾ ಅಂತ ಒಬ್ಬ ಟಿವಿ ನಿರೂಪಕಿ, ವಿಕ್ಟೋರಿಯಾ ಅಬ್ರಿಲ್ ಮಾಡಿದ ಪಾತ್ರ. ಮುಖದ ಮೇಲೆ ಉದ್ದನೆಯ ಗಾಯದ ಗುರುತು. ಕಾರ್ಯಕ್ರಮದ ಹೆಸರೇ ‘ಇವತ್ತಿನ ಅತಿ ಕೆಟ್ಟದ್ದು’. ತಲೆ ಮೇಲೆ ಕ್ಯಾಮೆರಾ, ಎದೆ ಮೇಲೆ ಎರಡು ಲೈಟು. ಆ ವೇಷ ಫ್ರಾನ್ಸ್‌ನ ಫ್ಯಾಷನ್ ಡಿಸೈನರ್ ಜಾನ್ ಪಾಲ್ ಗೋತಿಯೇ ಅವರ ಕೈಚಳಕ. ಎಲ್ಲಿ ರಕ್ತವೋ ಅಲ್ಲಿ ಇವಳು ಹಾಜರು. ಸಿನಿಮಾದ ನಾಯಕಿ ಕಿಕಾಳ ಮೇಲೆ ನಡೆದ ಅತ್ಯಾಚಾರದ ವಿಡಿಯೊ ಸಿಕ್ಕರೆ ಅದನ್ನೂ ಟಿವಿಯಲ್ಲಿ ಹಾಕಿಬಿಡುತ್ತಾಳೆ.

ಆ ಅತ್ಯಾಚಾರವನ್ನೇ ಸಿನಿಮಾ ತಮಾಷೆಯಾಗಿ ತೋರಿಸಿದ್ದು ಮಾತ್ರ ನನಗೆ ಇವತ್ತಿಗೂ ಗಂಟಲಿನಿಂದ ಇಳಿದಿಲ್ಲ. ಟಿವಿಯನ್ನು ಬೈಯುತ್ತಾ ತಾನೂ ಅದನ್ನೇ ಮಾಡಿತಲ್ವಾ?

ಆ ವೇಷ ಆಗ ಜಾಸ್ತಿ ಆಯ್ತು ಅನಿಸಿರಬೇಕು. ಇವತ್ತು ಸಿಗ್ನಲ್‌ನಲ್ಲಿ ನನ್ನ ಬಿಟ್ಟು ಇನ್ಯಾರೂ ಆ ಹೆಲ್ಮೆಟ್ ಕಡೆ ನೋಡಲೂ ಇಲ್ಲ.

ಹಸಿರು ಬಿತ್ತು. ಅವನು ಹೋದ. ಈಗ ಯಾರ ವಿಡಿಯೊದಲ್ಲಿ ಕೂದಲು ಸರಿ ಮಾಡಿಕೊಳ್ಳುತ್ತಾ ಕೂತಿದ್ದೀನೋ.