“ಎಲ್ಲಾ ಸುಳ್ಳೇ ಹೇಳ್ತಾರೆ, ಮತ್ತೆ ಯಾಕೆ ನೋಡ್ತೀಯ?”

ನಾನು ಅಮೆರಿಕದ ‘ಮೀಟ್ ದ ಪ್ರೆಸ್’ ಎಂಬ ಟಿವಿ ಸಂದರ್ಶನ ಕಾರ್ಯಕ್ರಮವನ್ನು ವಾರ ವಾರ ನೋಡುತ್ತೇನೆ ಎಂದು ಗೊತ್ತಾದವರೆಲ್ಲ ಹೀಗೇ ಕೇಳುತ್ತಾರೆ. ರಾಜಕಾರಣಿಗಳು ಬರ್ತಾರೆ, ಬಾಯಿಪಾಠ ಒಪ್ಪಿಸಿ ಹೋಗ್ತಾರೆ, ಸುಮ್ನೆ ಟೈಮ್ ವೇಸ್ಟ್ ಅಲ್ವಾ ಅಂತ. ಹೇಳಿ ಹೇಳಿ ಸಾಕಾಗಿದೆ.

ಕೇಳುವವರಿಗೆ ಉತ್ತರ ಬೇಕಾಗಿಯೂ ಇರುವುದಿಲ್ಲ. ಒಬ್ಬ ಗೆಳೆಯನಂತೂ ಇದನ್ನು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಫೋನ್ ನೋಡತೊಡಗಿದ. ಅವನು ದಿನಾ ರಾತ್ರಿ ಎಂಟು ಜನ ಒಟ್ಟಿಗೆ ಕೂಗಾಡುವ ಚರ್ಚೆ ನೋಡುವವನು!

‘ಮೀಟ್ ದ ಪ್ರೆಸ್’ 1947ರ ನವೆಂಬರ್‌ನಿಂದ ಟಿವಿಯಲ್ಲಿ ಬರುತ್ತಿದೆ. ಬಾಯಿಪಾಠವಷ್ಟೇ ಆಗಿದ್ದರೆ ಇಷ್ಟು ವರ್ಷ ಉಳಿಯುತ್ತಿತ್ತಾ?

2012ರ ಮೇ 6ರ ಸಂಚಿಕೆಯನ್ನೇ ನೋಡಿ. ಆಗ ಉಪಾಧ್ಯಕ್ಷರಾಗಿದ್ದ ಜೋ ಬೈಡನ್ ಬಂದಿದ್ದರು. ಸಲಿಂಗಿಗಳ ಮದುವೆಯ ಬಗ್ಗೆ ಅಧ್ಯಕ್ಷ ಒಬಾಮಾ ಹೌದು ಎನ್ನದೆ ಇಲ್ಲ ಎನ್ನದೆ ದಿನ ತಳ್ಳುತ್ತಿದ್ದ ಕಾಲ ಅದು. ಆಗ ಕಾರ್ಯಕ್ರಮ ನಡೆಸುತ್ತಿದ್ದ ಡೇವಿಡ್ ಗ್ರೆಗರಿ ಆ ವಿಷಯ ಎತ್ತಿದಾಗ ಬೈಡನ್ ಮೊದಲು ಸುತ್ತಿ ಬಳಸಿ ಮಾತಾಡಿದರು. ಗ್ರೆಗರಿ ಬಿಡಲಿಲ್ಲ. ಹಾಗಾದರೆ ಈಗ ನಿಮಗೆ ಇದು ಒಪ್ಪಿಗೆಯೇ ಎಂದು ಮತ್ತೆ ಕೇಳಿದರು. ಪೂರ್ತಿ ಒಪ್ಪಿಗೆ ಎಂಬ ಉತ್ತರ ಬಂತು. ಮೂರೇ ದಿನಕ್ಕೆ ಒಬಾಮಾ ಇನ್ನೊಂದು ಚಾನೆಲ್‌ನಲ್ಲಿ ಕೂತು, ತಾವೂ ಒಪ್ಪುವುದಾಗಿ ಹೇಳಿದರು.

ಮೊದಲ ಪ್ರಶ್ನೆಗೆ ಎಲ್ಲರೂ ತಯಾರಾಗಿ ಬಂದಿರುತ್ತಾರೆ. ಅದರ ಬೆನ್ನಿಗೇ ಬರುವ ಎರಡನೆಯದಕ್ಕೆ ಇರುವುದಿಲ್ಲ. ನಾನು ಕಾಯುವುದು ಅದಕ್ಕೆ.

ನಿಜ ಹೇಳಬೇಕೆಂದರೆ, ರಾಜಕಾರಣಿಗಳ ಸುಳ್ಳಿನ ಬಗ್ಗೆ ಕೇಳುವ ಬದಲು ಸಂದರ್ಶನ ಮಾಡುವವರ ತಯಾರಿಯ ಬಗ್ಗೆ ಯಾರಾದರೂ ಕೇಳಲಿ ಎಂದು ನನಗೆ ಆಸೆ. 1991ರಿಂದ 2008ರಲ್ಲಿ ತೀರಿಕೊಳ್ಳುವವರೆಗೂ ಈ ಕಾರ್ಯಕ್ರಮ ನಡೆಸಿದ ಟಿಮ್ ರಸರ್ಟ್ ಕಾನೂನು ಓದಿದವರು. ಅತಿಥಿ ಹಿಂದೆಂದೋ ಹೇಳಿದ್ದ ಮಾತನ್ನು ಹುಡುಕಿ ತಂದು ಪರದೆಯ ಮೇಲೆ ಹಾಕುತ್ತಿದ್ದರು. ಅವತ್ತು ಹೀಗೆ ಹೇಳಿದ್ದಿರಿ, ಇವತ್ತು ಹಾಗೆ ಹೇಳುತ್ತಿದ್ದೀರಿ, ಯಾವುದು ಸರಿ? ಕಿರುಚಾಟ ಇಲ್ಲ, ಮೇಜು ಗುದ್ದುವುದಿಲ್ಲ. ಎದುರಿಗಿದ್ದವರು ತಮ್ಮದೇ ಮಾತಿಗೆ ಉತ್ತರ ಕೊಡಬೇಕು, ಅಷ್ಟೇ. ಇಂಥ ಹುಡುಕಾಟಕ್ಕೆ ಸಮಯ ಬೇಕು. ದಿನಾ ರಾತ್ರಿ ಹೊಸ ಜಗಳ ಹುಡುಕುವವರಿಗೆ ಆ ಪುರುಸೊತ್ತು ಎಲ್ಲಿಂದ ಬರಬೇಕು?

ಎಲ್ಲ ವಾರವೂ ಹೀಗಿರುತ್ತದೆ ಎನ್ನುವುದಿಲ್ಲ. ಅತಿಥಿ ಜಾರಿಕೊಳ್ಳುವುದು ನಮಗೆಲ್ಲ ಕಾಣುತ್ತಿರುತ್ತದೆ, ಕೇಳುವವರು ಮಾತ್ರ ಕೈಲಿರುವ ಹಾಳೆ ನೋಡಿ ಮುಂದಿನ ವಿಷಯಕ್ಕೆ ಹೋಗುತ್ತಾರೆ. ಆಗ ನನಗೆ ಆ ರಾಜಕಾರಣಿಗಿಂತ ಅವರ ಮೇಲೇ ಜಾಸ್ತಿ ಸಿಟ್ಟು.